ಸೀಜ್ ಆದ ಬೋಟ್ ಎಂಜಿನ್ ಜಾಗಕ್ಕೆ ಟ್ರಕ್ಕಿನ 350 ಬ್ಲಾಕ್: ನನ್ನ ಅನುಭವ

ನನ್ನ ಬೋಟಿನ ಮರ್ಕ್ರೂಸರ್ 5.7 ಲೀಟರ್ ಎಂಜಿನ್ನಿನ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಎರಕ) ಬೇರೇನಲ್ಲ, ಷೆವರ್ಲೆ ಪಿಕಪ್‌ಗಳಲ್ಲಿ ಬರುತ್ತಿದ್ದ ಅದೇ 350 ಕ್ಯೂಬಿಕ್ ಇಂಚಿನ ವಿ8. ಹಾಗಾಗಿ ಟ್ರಕ್ಕಿನ ಬ್ಲಾಕ್ ಬೋಟಿಗೆ ಸಲೀಸಾಗಿ ಕೂರುತ್ತದೆ. ಆದರೆ ಅದರ ಸುತ್ತ ಬರುವ ಸಾಮಾನು ಬೇರೆ, ಕೆಲಸ ಕೆಡುವುದೂ ಅಲ್ಲೇ.

ಮೊದಲು ಹಳೆಯ ಎಂಜಿನ್ ಯಾಕೆ ಸೀಜ್ ಆಯಿತು, ಅಂದರೆ ತಿರುಗದೆ ಬಿಗಿದುಕೊಂಡಿತು ಅಂತ ಹುಡುಕಿ. ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ನನ್ನದರ ಎರಡು ಬೋರ್‌ಗಳಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರ್ ತೂತು) ತುಕ್ಕು ನೀರು ನಿಂತಿತ್ತು. ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಬೋಟಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಹೊರಸುತ್ತು ನೀರಿನ ಪದರ ಇರುತ್ತದೆ. ಒಳಗೋಡೆ ತುಕ್ಕು ತಿಂದು ತೂತಾದರೆ ಆ ನೀರು ವಾಲ್ವ್ ದಾಟಿ ಬೋರ್‌ಗೆ ಇಳಿಯುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ, ನೀರಿನ ಬಾಯಿಗಳನ್ನು ಮುಚ್ಚಿ, ನೀರು ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹೊಗೆ ಹೋಗುವ ದಾರಿಯಲ್ಲಿ ಪಸೆ ಕಂಡಿತು. ಅದನ್ನೇ ಮತ್ತೆ ಹಾಕಿದ್ದರೆ ಹೊಸ ಬ್ಲಾಕೂ ಸೀಜ್ ಆಗುತ್ತಿತ್ತು. ಎರಡೂ ಮ್ಯಾನಿಫೋಲ್ಡ್, ಅವುಗಳ ಮೇಲೆ ಕೂರುವ ಎಕ್ಸಾಸ್ಟ್ ಕೊಳವೆಗಳಾದ ಎರಡೂ ರೈಸರ್ ಬದಲಾಯಿಸಿದೆ.

ಬ್ಲಾಕ್ ಕೊಳ್ಳುವಾಗ ವರ್ಷ ನೋಡಲೇಬೇಕು. 1985ರವರೆಗಿನ 350ಕ್ಕೆ ಕ್ರ್ಯಾಂಕಿನ ಹಿಂದಿನ ಸೀಲ್ ಎರಡು ತುಂಡಿನದು, 1986ರಿಂದ ಒಂದೇ ತುಂಡಿನದು. ಫ್ಲೈವೀಲ್ ಬೋಲ್ಟುಗಳ ವೃತ್ತವೂ 3.58 ಇಂಚಿನಿಂದ 3 ಇಂಚಿಗೆ ಇಳಿದಿದೆ, ಬ್ಯಾಲೆನ್ಸ್ ಬದಲಾಗಿದೆ. ನನ್ನ ಬೋಟ್ 1984ರದ್ದು, ಹಳೆ ಫ್ಲೈವೀಲನ್ನೇ ಬಳಸಬೇಕಿತ್ತು. ಅದಕ್ಕೇ ಹಳೆ ಮಾದರಿಯ ಬ್ಲಾಕನ್ನೇ ಹುಡುಕಿದೆ.

ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನ ಹಾಗೆ ಕೂತಿರುವ ಫ್ರೀಜ್ ಪ್ಲಗ್‌ಗಳು ಟ್ರಕ್ಕಿನಲ್ಲಿ ಉಕ್ಕಿನವು. ಬೋಟಿನಲ್ಲಿ ಎಂಜಿನ್ ತಂಪಾಗಿಸುವುದು ಕೆರೆ ನೀರೇ, ಅದಕ್ಕೆ ಅವು ತಡೆಯುವುದಿಲ್ಲ. ತೆಗೆದು 1-5/8 ಇಂಚಿನ ಹಿತ್ತಾಳೆಯವನ್ನು ಬಡಿದು ಕೂರಿಸಿದೆ. ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ನ ಗ್ಯಾಸ್ಕೆಟ್ಟೂ ಮರೈನ್ (ಬೋಟಿಗೆಂದೇ ಮಾಡಿದ) ದರ್ಜೆಯದೇ ಬೇಕು. ಒಂದೊಂದು ಹೆಡ್ಡಿಗೆ 17 ಬೋಲ್ಟ್, ಅವುಗಳ ತೂತುಗಳು ನೇರ ನೀರಿನ ಜಾಗಕ್ಕೆ ತೆರೆದಿವೆ. ಬೋಲ್ಟಿನ ಥ್ರೆಡ್‌ಗೆ ಸೀಲಂಟ್ ಹಚ್ಚದಿದ್ದರೆ ನೀರು ಮೇಲೇರಿ ಆಯಿಲ್‌ಗೆ ಸೇರುತ್ತದೆ. ಟಾರ್ಕ್ ಮೂರು ಹಂತದಲ್ಲಿ, ನಡುವಿನಿಂದ ಹೊರಕ್ಕೆ: 25, 45, 65 ಅಡಿ-ಪೌಂಡ್.

ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ವಿಷಯದಲ್ಲಿ ಹೆಚ್ಚಿನ ಶಕ್ತಿಗೆ ಆಸೆಪಡಬೇಡಿ. ಓವರ್‌ಲ್ಯಾಪ್ (ಎರಡೂ ಬಗೆಯ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ ಇರುವ ಕ್ಯಾಮ್ ಹಾಕಿದರೆ ಐಡ್ಲಿಂಗ್‌ನಲ್ಲಿ ಎಂಜಿನ್ ಎಕ್ಸಾಸ್ಟಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಮರೈನ್ ಕ್ಯಾಮನ್ನೇ ಹಾಕಿ. ಥರ್ಮೋಸ್ಟ್ಯಾಟ್ 160 ಡಿಗ್ರಿ ಫ್ಯಾರನ್‌ಹೀಟ್‌ನದು, ಟ್ರಕ್ಕಿನ 195ರದ್ದು ಬೇಡ.

ಟ್ರಕ್ಕಿನ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್, ಆಲ್ಟರ್ನೇಟರ್, ಪೆಟ್ರೋಲ್ ಪಂಪ್ ಯಾವುದನ್ನೂ ಬೋಟಿಗೆ ಹಾಕಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಮಡುಗಟ್ಟುತ್ತದೆ. ಸ್ಟಾರ್ಟರಿನ ಒಂದು ಕಿಡಿ ಸಾಕು. ಮರೈನ್ ಸ್ಟಾರ್ಟರಿನ ಕಿಡಿ ಹೊರಗೆ ಬರುವುದಿಲ್ಲ. ಮರೈನ್ ಪಂಪಿನ ಡಯಾಫ್ರಮ್ ಒಡೆದರೆ ಪೆಟ್ರೋಲ್ ತಳಕ್ಕೆ ಸುರಿಯದೆ ಕೊಳವೆಯಲ್ಲಿ ಕಾರ್ಬ್ಯುರೇಟರಿಗೆ ಹೋಗುತ್ತದೆ. ಇವನ್ನೆಲ್ಲ ಹಳೆ ಎಂಜಿನ್ನಿನಿಂದ ತೆಗೆದು ಪರೀಕ್ಷಿಸಿ ಹಾಕಿದೆ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಬೋಟಿನಲ್ಲಿ ಮಕ್ಕಳೂ ಕೂರುತ್ತಾರೆ.

ಎಂಜಿನ್ ಸುಮಾರು 400 ಕಿಲೋ, ಗಟ್ಟಿ ಹಾಯಿಸ್ಟ್ ಬೇಕು. ಇಳಿಸಿದ ಮೇಲೆ ಡ್ರೈವ್ (ಪ್ರೊಪೆಲ್ಲರ್ ತಿರುಗಿಸುವ ಹಿಂಬದಿಯ ಭಾಗ) ಕಡೆಯಿಂದ ಅಲೈನ್‌ಮೆಂಟ್ ಬಾರ್ ತೂರಿಸಿ. ಬಾರಿನ ತುದಿಗೆ ಗ್ರೀಸ್ ಹಚ್ಚಿ. ಎರಡು ಬೆರಳಲ್ಲಿ ತಳ್ಳಿದರೆ ಬಾರ್ ಎಂಜಿನ್ನನ್ನು ಡ್ರೈವ್‌ಗೆ ಜೋಡಿಸುವ ಕಪ್ಲರ್ ಒಳಗೆ ಜಾರಬೇಕು, ಗ್ರೀಸ್ ಮೇಲಿನ ಗುರುತು ಸುತ್ತಲೂ ಒಂದೇ ಸಮ ಮೂಡಬೇಕು. ಒಂದೇ ಕಡೆ ಉಜ್ಜಿದ್ದರೆ ಮುಂದಿನ ಮೌಂಟ್ ಏರಿಸಿ ಅಥವಾ ಇಳಿಸಿ. ಇದಕ್ಕೇ ನನಗೆ ಅರ್ಧ ದಿನ ಹಿಡಿಯಿತು. ಅವಸರ ಮಾಡಿದರೆ ಕಪ್ಲರಿನ ಹಲ್ಲು ಸವೆದುಹೋಗುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೂತಿನಿಂದ ಡ್ರಿಲ್ಲಿನಲ್ಲಿ ಆಯಿಲ್ ಪಂಪ್ ತಿರುಗಿಸಿ, ರಾಕರ್‌ಗಳಲ್ಲಿ ಆಯಿಲ್ ಕಾಣುವವರೆಗೆ. ಹೊಸ ಕ್ಯಾಮ್ ಮೊದಲ 20 ನಿಮಿಷ 2000 ಆರ್‌ಪಿಎಂ ಮೇಲೇ ಓಡಬೇಕು. ಆಗ ಎಂಜಿನ್ ತಂಪಾಗಿಡಲು ತೋಟದ ಪೈಪಿನ ನೀರು ಸಾಲದು, ಬೋಟನ್ನು ಕೆರೆಗೆ ಇಳಿಸಿಯೇ ಓಡಿಸಿದೆ. ತಳದ ಪೆಟ್ರೋಲ್ ಆವಿ ಹೊರಹಾಕುವ ಬ್ಲೋಯರ್ 4 ನಿಮಿಷ ಓಡಿಸಿ ಆಮೇಲೆ ಕೀ ತಿರುಗಿಸಿ.

ನಮ್ಮ ಮಿಶಿಗನ್ನಿನ ಚಳಿಗೆ ಬ್ಲಾಕಿನ ಎರಡೂ ಪಕ್ಕ ಹಿತ್ತಾಳೆಯ ಡ್ರೇನ್ ನಲ್ಲಿ ಬೇಕೇಬೇಕು. ತೆರೆದಾಗ ನೀರು ಬರದಿದ್ದರೆ ಖಾಲಿ ಅಂದುಕೊಳ್ಳಬೇಡಿ, ತುಕ್ಕಿನ ಪುಡಿ ಕಟ್ಟಿಕೊಂಡಿರುತ್ತದೆ. ತಂತಿ ತೂರಿಸಿ ಕೆದಕಿ. ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಬ್ಲಾಕ್ ಸೀಳುತ್ತದೆ.

ಮೊದಲ ಸುತ್ತು ಮುಗಿಸಿ ಬಂದ ಕೂಡಲೇ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಎಲ್ಲೋ ನೀರು ಸೇರುತ್ತಿದೆ. ಅವತ್ತೇ ಆಯಿಲ್ ಇಳಿಸಿ, ಮತ್ತೆ ಸ್ಟಾರ್ಟ್ ಮಾಡದೆ ಹೆಡ್ ಬೋಲ್ಟುಗಳಿಂದ ಹುಡುಕಲು ಶುರು ಮಾಡಿ.