ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಸರ್ವರ್ ಇದ್ರೆ ಫೋಟೋಗಳನ್ನ ಎಲ್ಲಿಡ್ಬೇಕು?

ವರ್ಡ್‌ಪ್ರೆಸ್ ಸೈಟನ್ನ ಲೋಡ್ ಬ್ಯಾಲೆನ್ಸರ್ (ಬರೋ ರಿಕ್ವೆಸ್ಟ್‌ಗಳನ್ನ ಸರ್ವರ್‌ಗಳಿಗೆ ಹಂಚೋದು) ಹಿಂದೆ ಎರಡು ಸರ್ವರ್‌ಗೆ ಹಾಕಿದ್ಮೇಲೆ ಬರೋ ಮೊದಲ ಕಂಪ್ಲೇಂಟ್ ಇದೇ, ಫೋಟೋ ಒಂದ್ಸಲ ಕಾಣತ್ತೆ, ರಿಫ್ರೆಶ್ ಮಾಡಿದ್ರೆ 404 (ಫೈಲ್ ಸಿಗಲಿಲ್ಲ) ಎರರ್, ಇನ್ನೊಂದ್ಸಲ ಮಾಡಿದ್ರೆ ಮತ್ತೆ ಬರತ್ತೆ. ಡೇಟಾಬೇಸ್ ಎರಡಕ್ಕೂ ಒಂದೇ, ಆದ್ರೆ ಫೋಟೋ ಮಾತ್ರ ಅಪ್‌ಲೋಡ್ ಯಾವ ಸರ್ವರ್‌ಗೆ ಹೋಯ್ತೋ ಅದರ ಡಿಸ್ಕಲ್ಲೇ ಕೂತಿರತ್ತೆ.

ಸ್ಟಿಕಿ ಸೆಷನ್, ಅಂದ್ರೆ ಒಬ್ಬರನ್ನ ಪ್ರತಿ ಸಲ ಒಂದೇ ಸರ್ವರ್‌ಗೆ ಕಳಿಸೋದು, ಹಾಕಿದ್ರೆ ಸಾಕು ಅಂತಾರೆ. ಸಾಕಾಗಲ್ಲ, ಅಪ್‌ಲೋಡ್ ಮಾಡಿದವರಿಗೆ ಎಲ್ಲ ಸರಿ ಕಾಣತ್ತೆ, ಇನ್ನೊಂದು ಸರ್ವರ್‌ಗೆ ಹೋದ ಓದುಗರಿಗೆ ಕಾಣಲ್ಲ, ಹಾಗಾಗಿ ತೊಂದರೆ ಇರೋದೇ ಗೊತ್ತಾಗಲ್ಲ. ಎರಡೂ ಕಡೆಯಿಂದ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸೋದು) ಆರ್‌ಸಿಂಕ್ (ಫೈಲ್ ಕಾಪಿ ಮಾಡಿ ಹೊಂದಿಸೋ ಕಮಾಂಡ್) ಓಡಿಸೋದೂ ಬೇಡ, ಡಿಲೀಟ್ ಆಪ್ಷನ್ ಹಾಕಿದ್ರೆ ಆ ಕಡೆ ಆಗಷ್ಟೇ ಬಂದ ಫೋಟೋ ಅಳಿಸಿಹೋಗತ್ತೆ, ಹಾಕದಿದ್ರೆ ಅಳಿಸಿದ್ದು ವಾಪಸ್ ಬರತ್ತೆ.

ಸಣ್ಣ, ಮಧ್ಯಮ ಸೈಟಿಗೆ ಎನ್‌ಎಫ್‌ಎಸ್ ಧಾರಾಳ ಸಾಕು, ಅಂದ್ರೆ ಒಂದು ಮಷೀನಿನ ಫೋಲ್ಡರನ್ನ ನೆಟ್‌ವರ್ಕ್ ಮೂಲಕ ಬೇರೆ ಮಷೀನ್‌ಗಳೂ ಬಳಸೋ ವ್ಯವಸ್ಥೆ. ಮೂರನೇ ಮಷೀನಲ್ಲಿ ಉಬುಂಟು ಇದ್ರೆ ಎನ್‌ಎಫ್‌ಎಸ್ ಕರ್ನಲ್ ಸರ್ವರ್ ಪ್ಯಾಕೇಜ್ ಹಾಕಿ, ಮೀಡಿಯಾಗೆ ಒಂದು ಫೋಲ್ಡರ್ ಮಾಡಿ, ಎಕ್ಸ್‌ಪೋರ್ಟ್ಸ್ ಫೈಲಲ್ಲಿ ಆ ಫೋಲ್ಡರನ್ನ ಎರಡು ವೆಬ್ ಸರ್ವರ್‌ಗಳ ಪ್ರೈವೇಟ್ ಐಪಿಗೆ ಮಾತ್ರ ರೀಡ್-ರೈಟ್, ಸಿಂಕ್ ಅಂತ ಕೊಡಿ, ನಕ್ಷತ್ರ ಚಿಹ್ನೆ ಹಾಕಿ ಎಲ್ರಿಗೂ ಬಾಗಿಲು ತೆಗೀಬೇಡಿ. ವರ್ಷನ್ 4 ಬಳಸಿದ್ರೆ ಫೈರ್‌ವಾಲ್‌ನಲ್ಲಿ 2049 ಪೋರ್ಟ್ ಒಂದು ತೆಗೆದ್ರಾಯ್ತು.

ಮೌಂಟ್ ಮಾಡೋ (ಆ ಫೋಲ್ಡರನ್ನ ವೆಬ್ ಸರ್ವರ್‌ನ ಫೋಲ್ಡರ್ ಮೇಲೆ ಜೋಡಿಸೋ) ಮುಂಚೆ ಅಪ್‌ಲೋಡ್ ನಿಲ್ಲಿಸಿ, ಎರಡೂ ಸರ್ವರ್‌ನಲ್ಲಿರೋ ಹಳೇ ಫೈಲ್‌ಗಳನ್ನ ಮೂರನೇ ಮಷೀನಿನ ಆ ಫೋಲ್ಡರ್‌ಗೆ ಸೇರಿಸಿ. ಇಲ್ಲಿ ಸ್ವಲ್ಪ ನಿಧಾನ. ಅದೇ ಹೆಸರಿನ ಫೈಲ್ ಇದ್ಯಾ ಅಂತ ವರ್ಡ್‌ಪ್ರೆಸ್ ನೋಡೋದು ತನ್ನ ಫೋಲ್ಡರಲ್ಲಿ, ಪಕ್ಕದ ಸರ್ವರ್‌ನಲ್ಲಲ್ಲ, ಅದಕ್ಕೇ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಫೋಟೋ ಇರಬಹುದು. ಎರಡನೇ ಸರ್ವರ್‌ದು ಕಾಪಿ ಮಾಡೋವಾಗ ಆರ್‌ಸಿಂಕ್‌ನ ಚೆಕ್‌ಸಮ್ (ಫೈಲ್ ಒಳಗಿನದ್ದನ್ನೇ ಹೋಲಿಸೋದು) ಮತ್ತು ಡ್ರೈ ರನ್ (ಕಾಪಿ ಮಾಡದೆ ತೋರಿಸೋದು) ಹಾಕಿ ಪಟ್ಟಿ ತೆಗೆದು, ಯಾವ ಫೈಲ್ ಮೇಲೆ ಯಾವುದು ಬೀಳತ್ತೆ ಅಂತ ಕಣ್ಣಾರೆ ನೋಡ್ಕೊಂಡು ಆಮೇಲೆ ಮುಂದುವರೀರಿ.

ಆಮೇಲೆ ಪರ್ಮಿಷನ್. ಸಾಮಾನ್ಯ ಸೆಟಪ್‌ನಲ್ಲಿ ಎನ್‌ಎಫ್‌ಎಸ್ ನೋಡೋದು ಯೂಸರ್ ಹೆಸರಲ್ಲ, ನಂಬರ್. ಡೆಬಿಯನ್, ಉಬುಂಟುನಲ್ಲಿ ವೆಬ್ ಸರ್ವರ್ ಯೂಸರ್ ನಂಬರ್ 33, ರೆಡ್ ಹ್ಯಾಟ್ ಕಡೆ ಅಪಾಚೆಗೆ 48, ಎರಡನ್ನೂ ಮಿಕ್ಸ್ ಮಾಡಿದ್ರೆ ಒಂದು ಕಡೆಯಿಂದ ಅಪ್‌ಲೋಡೇ ಆಗಲ್ಲ. ಆಗ ರೂಟ್ ಸ್ಕ್ವಾಶ್ (ಬೇರೆ ಮಷೀನಿನ ರೂಟ್‌ಗೆ ಇಲ್ಲಿ ಪೂರ್ತಿ ಅಧಿಕಾರ ಸಿಗದಂತೆ ತಡೆಯೋದು) ತೆಗೆದುಬಿಡೋದು, 777 (ಎಲ್ರಿಗೂ ಎಲ್ಲ ಪರ್ಮಿಷನ್) ಕೊಡೋದು ದಯವಿಟ್ಟು ಮಾಡಬೇಡಿ, ನಂಬರ್ ಹೊಂದಿಸಿ.

ವೆಬ್ ಸರ್ವರ್‌ಗಳಲ್ಲಿ ಎನ್‌ಎಫ್‌ಎಸ್ ಕಾಮನ್ ಪ್ಯಾಕೇಜ್ ಹಾಕಿ, ವರ್ಡ್‌ಪ್ರೆಸ್ ಫೋಟೋ ಇಡೋ ಅಪ್‌ಲೋಡ್ಸ್ ಫೋಲ್ಡರನ್ನ ಖಾಲಿ ಮಾಡಿ, ಅದಕ್ಕೆ ಚಾಟ್ರ್ (chattr) ಕಮಾಂಡಲ್ಲಿ ಪ್ಲಸ್ ಐ (+i) ಕೊಟ್ಟು, ಯಾರೂ ಏನೂ ಬರೆಯದ ಹಾಗೆ ಲಾಕ್ ಮಾಡಿ. ತುಂಬಾ ಜನ ಬಿಟ್ಟುಬಿಡೋ ಸ್ಟೆಪ್ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ರೀಬೂಟ್ ಆದಾಗ ಮೌಂಟ್ ಆಗದೇ ಹೋದ್ರೆ ಫೋಟೋಗಳು ಸದ್ದಿಲ್ಲದೆ ಲೋಕಲ್ ಡಿಸ್ಕಿಗೆ ಬೀಳ್ತವೆ, ಮತ್ತೆ ಮೌಂಟ್ ಆದಾಗ ಅದರಡಿ ಮುಚ್ಚಿಹೋಗ್ತವೆ, ಫೈಲ್ ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಲಾಕ್ ಇದ್ರೆ ಅಪ್‌ಲೋಡ್ ತಕ್ಷಣ ಎರರ್ ಕೊಡತ್ತೆ. ಲಾಕ್ ಆದ ಫೋಲ್ಡರ್ ಮೇಲೂ ಮೌಂಟ್ ಆರಾಮಾಗಿ ಆಗತ್ತೆ. ಬೂಟ್ ಆದಾಗ ಏನೇನು ಮೌಂಟ್ ಆಗ್ಬೇಕು ಅಂತ ಬರೆಯೋ ಎಫ್‌ಎಸ್‌ಟ್ಯಾಬ್ ಫೈಲಿನ ಸಾಲಲ್ಲಿ ನೆಟ್‌ಡೆವ್ (_netdev, ನೆಟ್‌ವರ್ಕ್ ಬಂದ್ಮೇಲೆ ಮೌಂಟ್ ಮಾಡು ಅಂತ) ಮತ್ತು ಹಾರ್ಡ್ (ಸರ್ವರ್ ಸಿಗೋವರೆಗೂ ಬಿಡದೆ ಪ್ರಯತ್ನಿಸು ಅಂತ) ಇರ್ಲಿ, ಸ್ವಲ್ಪ ಹೊತ್ತಿಗೆ ಕೈಬಿಡೋ ಸಾಫ್ಟ್ ಹಾಕಿದ್ರೆ ನೆಟ್‌ವರ್ಕ್ ಕೈಕೊಟ್ಟಾಗ ಫೈಲ್ ಅರ್ಧಂಬರ್ಧ ಬರೆದು ಕೆಡೋ ಅಪಾಯ ಇದೆ.

ಪಿಎಚ್‌ಪಿ ಕೋಡನ್ನ ಇದರ ಮೇಲೆ ಇಡಬೇಡಿ, ಪ್ರತಿ ಪೇಜಿಗೂ ನೂರಾರು ಫೈಲ್ ನೆಟ್‌ವರ್ಕ್ ದಾಟಿ ಚೆಕ್ ಆಗಿ ಸೈಟ್ ತೆವಳತ್ತೆ, ಅಪ್‌ಲೋಡ್ಸ್ ಅಷ್ಟೇ ಸಾಕು.

ಈ ಮೂರನೇ ಮಷೀನ್ ಬಿದ್ರೆ ಎರಡೂ ಸರ್ವರ್‌ನಲ್ಲಿ ಫೋಟೋ ನಿಲ್ಲತ್ತೆ ಅನ್ನೋದು ನಿಜ. ಅದು ಒಪ್ಪಿಗೆ ಇಲ್ಲದಷ್ಟು ಸೈಟ್ ಬೆಳೆದಿದ್ರೆ ಅಮೆಜಾನ್‌ನ ಎಸ್3 ಥರದ ಆಬ್ಜೆಕ್ಟ್ ಸ್ಟೋರೇಜಿಗೆ (ಫೈಲ್‌ಗಳನ್ನ ಕ್ಲೌಡ್‌ನಲ್ಲಿ ಇಡೋ ಸೇವೆಗೆ) ಹೋಗಿ. ಅಮೆಜಾನ್‌ನದೇ ಹಂಚಿಕೊಳ್ಳೋ ಫೋಲ್ಡರ್ ಸೇವೆ ಇಎಫ್‌ಎಸ್ ಕೂಡ ಒಳಗೆ ಎನ್‌ಎಫ್‌ಎಸ್ಸೇ, ಮೌಂಟ್ ವಿಷಯದಲ್ಲಿ ಮೇಲೆ ಹೇಳಿದ್ದೇ ನಡೆಯತ್ತೆ.

ಟೆಸ್ಟ್ ಮಾಡೋವಾಗ ಲೋಡ್ ಬ್ಯಾಲೆನ್ಸರ್ ಬಿಟ್ಟು, ಕರ್ಲ್ ಕಮಾಂಡ್‌ನಲ್ಲಿ ಒಂದೊಂದು ಸರ್ವರ್ ಐಪಿಗೆ ನೇರವಾಗಿ ಒಂದೇ ಫೋಟೋ ಕೇಳಿ, ಎರಡರಿಂದಲೂ 200 (ಸಿಕ್ತು ಅನ್ನೋ ಉತ್ತರ) ಬರ್ಬೇಕು. ಆಮೇಲೆ ಒಂದೊಂದೇ ಸರ್ವರ್ ರೀಬೂಟ್ ಮಾಡಿ ಮತ್ತೆ ಕೇಳಿ. ಬ್ಯಾಕಪ್ ಬೇರೆ ಮಷೀನಿಗೆ ಹೋಗ್ಲಿ, ಯಾಕಂದ್ರೆ ಈಗ ಒಂದು ಕಡೆ ಅಳಿಸಿದ್ರೆ ಎರಡೂ ಕಡೆ ಹೋಯ್ತು ಅಂತಲೇ ಲೆಕ್ಕ.