ಆಮಂತ್ರಣ ಪತ್ರಿಕೆಯ ಗಣಪತಿ ಮಸುಕಾದಾಗ

ತಂಗಿಯ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ನಾನೇ ವಿನ್ಯಾಸ ಮಾಡಿದ್ದೆ. ಮೊಬೈಲ್‌ನಲ್ಲಿ ಗಣಪತಿ ಚೆನ್ನಾಗಿಯೇ ಕಾಣುತ್ತಿದ್ದ. ಮುದ್ರಣದ ಮಾದರಿ ಕೈಗೆ ಬಂದಾಗ ನೋಡಿದರೆ ಸೊಂಡಿಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು.

ಚಿತ್ರದ ಅಗಲ 640 ಪಿಕ್ಸೆಲ್, ಅಂದರೆ ಅಷ್ಟು ಬಣ್ಣದ ಚುಕ್ಕಿ. ಐದು ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು 128 ಮಾತ್ರ. ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ 300 ಕೇಳುತ್ತಾರೆ. ಜಾಣತನ ಮಾಡಲು ಹೋಗಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಅಗಲವನ್ನು 1500 ಎಂದು ಬದಲಿಸಿದೆ. ಮೆಟ್ಟಿಲು ಹೋಯಿತು, ಮಂಜು ಬಂತು. ಇಲ್ಲದ ವಿವರವನ್ನು ತಂತ್ರಾಂಶ ಅಕ್ಕಪಕ್ಕದ ಬಣ್ಣ ಬೆರೆಸಿ ಊಹಿಸುತ್ತದೆ, ಅಷ್ಟೇ.

ಕೊನೆಗೆ ರೇಖೆಗಳಿಂದ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶ ತೆರೆದು, ಹಳೆಯ ಚಿತ್ರವನ್ನು ಅಡಿಯಲ್ಲಿಟ್ಟು, ಬಿಂದುಗಳ ನಡುವೆ ವಕ್ರರೇಖೆ ಮೂಡಿಸುವ ಬೆಜಿಯರ್ ಪೆನ್ನಿನಿಂದ ರೇಖೆಗಳನ್ನು ಮತ್ತೆ ಎಳೆದೆ. ಸೊಂಡಿಲಿಗೆ ಆರು ಬಿಂದು ಸಾಕಾಯಿತು. ಕಿರೀಟ ಮಾತ್ರ ಇಡೀ ಸಂಜೆಯನ್ನು ನುಂಗಿತು. ಹೀಗೆ ಬಿಡಿಸಿದ ವೆಕ್ಟರ್ ಚಿತ್ರ ಚುಕ್ಕಿಗಳ ಬದಲು ವಕ್ರರೇಖೆಗಳ ಸೂತ್ರವನ್ನೇ ನೆನಪಿಟ್ಟುಕೊಂಡು, ಹಿಗ್ಗಿಸಿದಾಗಲೆಲ್ಲ ಅಂಚನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಪಿಡಿಎಫ್ ಮಾಡಿ ಕಳುಹಿಸಿದೆ. ಬಾಗಿಲ ಬ್ಯಾನರಿಗೂ ಅದೇ ಕಡತ ಸಾಕಾಯಿತು.

ಬಾಳೆ ಎಲೆಯ ಹಸಿರು ಮಾತ್ರ ಪರದೆಯ ಮೇಲಿನಷ್ಟು ಮಿನುಗಲಿಲ್ಲ. ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನಿಂದ (ಆರ್‌ಜಿಬಿ) ಮೂಡುವ ಹಸಿರೆಲ್ಲ ಮುದ್ರಣದ ನಾಲ್ಕು ಬಣ್ಣದ ಸಿಎಂವೈಕೆ ಶಾಯಿಗೆ ದಕ್ಕುವುದಿಲ್ಲ. ತಂಗಿಗೆ ಅದು ಗೊತ್ತಾಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ.