ಹೆರಿಗೆಯ ನಂತರ ತಾಯಿಯ ಆರೈಕೆ: ಮೊದಲ ದಿನದಿಂದ ಒಂದು ವರ್ಷದವರೆಗೆ

ಹೆರಿಗೆಯಾದ ಕ್ಷಣದಿಂದ ಮನೆಯವರ ಕಣ್ಣೆಲ್ಲ ಮಗುವಿನ ಮೇಲೆ. ಮಗು ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ತೂಕ ಎಷ್ಟು ಏರಿತು ಎಂಬುದು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ತಾಯಿಗೆ ಎಷ್ಟು ರಕ್ತ ಹೋಗುತ್ತಿದೆ, ಅವಳ ಬಿ.ಪಿ. ಕೊನೆಯ ಸಲ ನೋಡಿದ್ದು ಯಾವಾಗ, ನಿನ್ನೆ ಅವಳು ಎಷ್ಟು ಗಂಟೆ ಕಣ್ಣುಮುಚ್ಚಿದಳು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಅಪರೂಪ. ಬಾಣಂತಿಯನ್ನು ಕಾಡುವ ಅನೇಕ ತೊಡಕುಗಳು ಮೊದಲೇ ಸುಳಿವು ಕೊಡುತ್ತವೆ. ಆದರೆ ನಿದ್ದೆಗೆಟ್ಟು, ನೋವಿನಲ್ಲಿರುವ ತಾಯಿಯೇ ಆ ಸುಳಿವುಗಳನ್ನು ಗುರುತಿಸಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಆದ್ದರಿಂದ ಈ ಲೇಖನ ತಾಯಿಗೆ ಎಷ್ಟು ಅನ್ವಯಿಸುತ್ತದೆಯೋ ಅವಳ ಜೊತೆಗಿರುವವರಿಗೂ ಅಷ್ಟೇ ಅನ್ವಯಿಸುತ್ತದೆ.

ಮೊದಲು, ಒಬ್ಬರಿಗೆ ಹೊಣೆ ವಹಿಸಿ

ಗಂಡನಾಗಲಿ, ಅಮ್ಮನಾಗಲಿ, ಅಕ್ಕನಾಗಲಿ, ಯಾರಾದರೊಬ್ಬರು ತಾಯಿಯ ಆರೋಗ್ಯದ ಮೇಲೆ ನಿಗಾ ಇಡುವ ಕೆಲಸವನ್ನು ಹೆರಿಗೆಗೆ ಮುಂಚೆಯೇ ಒಪ್ಪಿಕೊಳ್ಳಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೆರಿಗೆಯ ನಂತರ ಕನಿಷ್ಠ ನಾಲ್ಕು ಸಲ ತಾಯಿ ಮತ್ತು ಮಗುವಿನ ತಪಾಸಣೆ ಆಗಬೇಕು: ಮೊದಲ 24 ಗಂಟೆಯೊಳಗೆ, 48ರಿಂದ 72 ಗಂಟೆಗಳ ನಡುವೆ, 7ರಿಂದ 14ನೇ ದಿನದೊಳಗೆ ಮತ್ತು ಆರನೆಯ ವಾರದಲ್ಲಿ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಗುವಿಗೆ ಚುಚ್ಚುಮದ್ದು ಹಾಕಿಸಿ ಹಾಗೇ ಮನೆಗೆ ಬರುವ ಬದಲು ತಾಯಿಯ ಬಿ.ಪಿ., ಗಾಯ, ರಕ್ತಸ್ರಾವ ಮತ್ತು ಮನಃಸ್ಥಿತಿಯನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ.

ಮೊದಲ ದಿನ: ರಕ್ತಸ್ರಾವದ ಮೇಲೆ ಕಣ್ಣಿರಲಿ

ಮಾಸು ಹೊರಬಿದ್ದ ಮೇಲೆ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ತೆರೆದಿರುತ್ತವೆ. ಗರ್ಭಕೋಶ ಬಿಗಿಯಾಗಿ ಕುಗ್ಗಿದಾಗ ಅದರ ಸ್ನಾಯುಗಳೇ ಆ ನಾಳಗಳನ್ನು ಒತ್ತಿ ಮುಚ್ಚುತ್ತವೆ. ನರ್ಸ್ ಮತ್ತೆ ಮತ್ತೆ ಬಂದು ಹೊಟ್ಟೆಯನ್ನು ಒತ್ತಿ ನೋಡುವುದು ಇದೇ ಕಾರಣಕ್ಕೆ. ಹೊಕ್ಕುಳಿನ ಆಸುಪಾಸಿನಲ್ಲಿ ಗರ್ಭಕೋಶ ಗಟ್ಟಿಯಾಗಿ, ದುಂಡಗೆ ಕೈಗೆ ಸಿಕ್ಕರೆ ಅದು ಸರಿಯಾಗಿ ಕುಗ್ಗುತ್ತಿದೆ ಎಂದರ್ಥ. ಮೆತ್ತಗಿದ್ದರೆ ರಕ್ತಸ್ರಾವ ಹೆಚ್ಚುವ ಅಪಾಯವಿದೆ. ತುಂಬಿದ ಮೂತ್ರಕೋಶವೂ ಗರ್ಭಕೋಶ ಕುಗ್ಗುವುದಕ್ಕೆ ಅಡ್ಡಿಯಾಗುತ್ತದೆ. ಹಾಗಾಗಿ ಹೆರಿಗೆಯಾದ ಆರು ಗಂಟೆಯೊಳಗೆ ತಾಯಿ ಮೂತ್ರ ಮಾಡಿರಬೇಕು. ಆಗದಿದ್ದರೆ ಸಂಕೋಚಪಡದೆ ತಿಳಿಸಬೇಕು.

ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದುಹೋದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ತಲೆಸುತ್ತು, ಬೆವರು, ಎದೆಬಡಿತ ಕಾಣಿಸಿಕೊಂಡರೆ ಕ್ಷಣವೂ ತಡಮಾಡಬಾರದು. ಮನೆಗೆ ಬಂದ ಮೇಲೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಮಾಸಿನ ಚೂರು ಒಳಗೇ ಉಳಿದಿದ್ದರೆ ಅಥವಾ ಸೋಂಕಾಗಿದ್ದರೆ ಹಲವು ವಾರಗಳ ನಂತರವೂ ಅತಿಯಾದ ರಕ್ತಸ್ರಾವ ಆಗಬಹುದು.

ಸಾಮಾನ್ಯವಾಗಿ ಸ್ರಾವವು ಮೊದಲ ಮೂರು ನಾಲ್ಕು ದಿನ ಕೆಂಪಾಗಿದ್ದು, ಆಮೇಲೆ ಕಂದು ಮಿಶ್ರಿತ ಗುಲಾಬಿ ಬಣ್ಣಕ್ಕೆ ತಿರುಗಿ, ಸುಮಾರು ಹತ್ತು ದಿನಗಳ ನಂತರ ಹಳದಿ ಬಿಳುಪಾಗಿ, ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಈ ಅವಧಿಯಲ್ಲಿ ಸುಮಾರು ಒಂದು ಕಿಲೋ ತೂಗುತ್ತಿದ್ದ ಗರ್ಭಕೋಶ 100 ಗ್ರಾಂ ಒಳಗೆ ಇಳಿಯುತ್ತದೆ. ಮಗುವಿಗೆ ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಆಕ್ಸಿಟೋಸಿನ್ ಹಾರ್ಮೋನಿನ ಕೆಲಸ. ಎರಡನೆಯ, ಮೂರನೆಯ ಹೆರಿಗೆಯಲ್ಲಿ ಈ ನೋವು ಹೆಚ್ಚು, ಇದಕ್ಕೆ ಹೆದರಬೇಕಾಗಿಲ್ಲ.

ಮೊದಲ ವಾರಗಳು: ಜ್ವರ, ತಲೆನೋವು, ಕಾಲು

ಬಾಣಂತಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಮಾತ್ರೆ ನುಂಗಿ ಕಾದು ನೋಡುವಂತಿಲ್ಲ. ಗರ್ಭಕೋಶ, ಹೊಲಿಗೆ, ಮೂತ್ರನಾಳ, ಸ್ತನ ಹೀಗೆ ಎಲ್ಲಿಯೂ ಸೋಂಕು ತಗುಲಿರಬಹುದು. ದುರ್ವಾಸನೆಯ ಸ್ರಾವ, ಚಳಿ, ನಡುಕ, ಹೊಲಿಗೆಯ ಸುತ್ತ ಕೆಂಪು, ಕೀವು ಇವೆಲ್ಲ ಅದರ ಲಕ್ಷಣಗಳು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರು ಕ್ಲೋರಿನ್ ದ್ರಾವಣದಿಂದ ಕೈ ತೊಳೆಯುವುದನ್ನು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕಡ್ಡಾಯ ಮಾಡಿದ ಮೇಲೆ ಅಲ್ಲಿ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಪ್ಯಾಡ್ ಬದಲಿಸುವ ಮುನ್ನ ಮತ್ತು ಬದಲಿಸಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಇಂದಿಗೂ ಅಷ್ಟೇ ಮುಖ್ಯ.

ಬಿ.ಪಿ. ಹೆರಿಗೆಯೊಂದಿಗೆ ಮುಗಿದುಹೋಗುವ ಚಿಂತೆ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಗರ್ಭಿಣಿಯಾಗಿದ್ದಾಗ ಬಿ.ಪಿ. ಸರಿಯಾಗಿದ್ದವರಿಗೂ ಹೆರಿಗೆಯ ನಂತರ, ಆರು ವಾರಗಳೊಳಗೆ, ಅದು ಏರಬಹುದು. ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಭಾಗದಲ್ಲಿ ನೋವು ಕಂಡರೆ ಕೂಡಲೇ ಬಿ.ಪಿ. ನೋಡಿಸಿ. 140/90 ದಾಟಿದ್ದರೆ ವೈದ್ಯರಿಗೆ ತಿಳಿಸಬೇಕು. 160/110 ತಲುಪಿದ್ದರೆ ಅದು ತುರ್ತುಸ್ಥಿತಿ. ಅಪಸ್ಮಾರದಂತೆ ಸೆಳೆತ ಬಂದರಂತೂ ಹೇಳುವುದೇ ಬೇಡ.

ಒಂದೇ ಕಾಲು ಊದಿಕೊಂಡು ಮೀನಖಂಡದಲ್ಲಿ ನೋವಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದು ಶ್ವಾಸಕೋಶಕ್ಕೆ ಸಾಗಿದರೆ ಉಸಿರುಕಟ್ಟಿ, ಎದೆನೋವು ಬಂದು ಜೀವಕ್ಕೇ ಕುತ್ತಾಗುತ್ತದೆ. ಸಿಸೇರಿಯನ್ ಆದವರು ವೈದ್ಯರು ಹೇಳಿದ ಕೂಡಲೇ ಎದ್ದು ನಿಧಾನವಾಗಿ ನಡೆದಾಡಬೇಕೆನ್ನುವುದು ಇದಕ್ಕಾಗಿಯೇ.

ಹೇಳಿಕೊಳ್ಳಲು ನಾಚುವ ತೊಂದರೆಗಳು

ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಮೂತ್ರ ಜಾರುವುದು ಎಷ್ಟು ಸಾಮಾನ್ಯವೋ ಅಷ್ಟೇ ಮುಚ್ಚಿಟ್ಟ ತೊಂದರೆ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ವರ್ಷಗಟ್ಟಲೆ ಸಹಿಸಿಕೊಂಡವರು ಎಷ್ಟೋ ಮಂದಿ. ಸಹಿಸಬೇಕಾಗಿಲ್ಲ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಪ್ರಚುರಪಡಿಸಿದ ವ್ಯಾಯಾಮ ಇಂದಿಗೂ ಇದಕ್ಕೆ ಮೊದಲ ಚಿಕಿತ್ಸೆ. ಮೂತ್ರ ಮತ್ತು ಗ್ಯಾಸ್ ಎರಡನ್ನೂ ಒಟ್ಟಿಗೆ ತಡೆಹಿಡಿಯುವಾಗ ಯಾವ ಸ್ನಾಯುಗಳು ಒಳಕ್ಕೆ ಎಳೆದುಕೊಳ್ಳುತ್ತವೆಯೋ ಅವನ್ನೇ ಬಿಗಿಹಿಡಿದು ಐದು ಸೆಕೆಂಡ್ ನಿಲ್ಲಿಸಿ, ಅಷ್ಟೇ ಹೊತ್ತು ಸಡಿಲಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿ. ಉಸಿರು ಬಿಗಿಹಿಡಿಯಬಾರದು, ತೊಡೆ ಮತ್ತು ಹೊಟ್ಟೆ ಸಡಿಲವಾಗಿರಲಿ. ಫಲ ಕಾಣಲು ವಾರಗಳೇ ಬೇಕಾಗುವುದರಿಂದ ನಡುವೆ ಬಿಡಬೇಡಿ. ಮಲ ಹಿಡಿದಿಡಲು ಆಗದಿದ್ದರೆ ಮಾತ್ರ ವ್ಯಾಯಾಮವನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಿ.

ಮಲಬದ್ಧತೆಗೆ ನೀರು, ನಾರಿನಂಶದ ಆಹಾರ ಮತ್ತು ಓಡಾಟವೇ ಮದ್ದು.

ಎದೆಹಾಲು ಮತ್ತು ನೋವು

ಎರಡರಿಂದ ಐದನೆಯ ದಿನದೊಳಗೆ ಹಾಲು ತುಂಬಿ ಸ್ತನ ಬಿಗಿಯುವುದು ಸಹಜ. ಮೊಲೆತೊಟ್ಟು ಬಿರಿದು ನೋಯುತ್ತಿದ್ದರೆ ಮಗು ತೊಟ್ಟನ್ನಷ್ಟೇ ಹಿಡಿದಿದೆಯೇ ಎಂದು ನೋಡಿ. ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು. ಸ್ತನದ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ವೈದ್ಯರನ್ನು ಕಾಣಬೇಕು, ಆದರೆ ಸಾಮಾನ್ಯವಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಮನಸ್ಸು: ಕೇಳುವ ರೀತಿ ಕಲಿಯಿರಿ

ಹೆರಿಗೆಯಾದ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿ, ಆತಂಕ ಬಹುಪಾಲು ತಾಯಂದಿರಿಗೆ ಆಗುತ್ತದೆ. ಹಾರ್ಮೋನುಗಳ ದಿಢೀರ್ ಇಳಿತ ಮತ್ತು ನಿದ್ದೆಗೇಡು ಇದರ ಹಿಂದಿದ್ದು, ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಕತ್ತಲು ಸರಿಯದಿದ್ದರೆ ಅದು ಪ್ರಸವಾನಂತರದ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರಿಗೆಯಾದ ಮಹಿಳೆಯರಲ್ಲಿ ಜಾಗತಿಕವಾಗಿ ಸುಮಾರು 13 ಶೇಕಡಾ ಮಂದಿ, ಅಭಿವೃದ್ಧಿಶೀಲ ದೇಶಗಳಲ್ಲಿ ಸುಮಾರು 20 ಶೇಕಡಾ ಮಂದಿ ಮಾನಸಿಕ ಕಾಯಿಲೆ, ಮುಖ್ಯವಾಗಿ ಖಿನ್ನತೆ, ಅನುಭವಿಸುತ್ತಾರೆ. ಇದು ಸೋಮಾರಿತನವಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲ ಎಂಬುದರ ಗುರುತೂ ಅಲ್ಲ.

“ಚೆನ್ನಾಗಿದ್ದೀಯಾ?” ಎಂದು ಕೇಳಿದರೆ “ಹೂಂ” ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು “ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದಾ?” ಎಂದು ಕೇಳಿ ನೋಡಿ. ಮಗು ಮಲಗಿ, ಮನೆ ಸದ್ದಿಲ್ಲದಿದ್ದರೂ ಕಣ್ಣು ಹತ್ತುವುದಿಲ್ಲ ಎಂದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಹಿಂದೆ ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವೇ, ತಪ್ಪೆಲ್ಲ ತನ್ನದೇ ಎನಿಸುತ್ತಿದೆಯೇ, ಮಗುವಿಗೆ ಏನೋ ಆಗಿಬಿಡುತ್ತದೆ ಎಂಬ ಭಯ ಬಿಡದೆ ಕಾಡುತ್ತಿದೆಯೇ ಎಂದೂ ವಿಚಾರಿಸಿ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ರೂಪುಗೊಂಡ ಎಡಿನ್‌ಬರ್ಗ್ ಮಾಪಕ ಎಂಬ ಪ್ರಶ್ನಾವಳಿಯಲ್ಲಿ ಇಂಥ ಹತ್ತು ಪ್ರಶ್ನೆಗಳಿವೆ. ಕಳೆದ ಏಳು ದಿನ ಹೇಗಿತ್ತೆಂದು ತಾಯಿಯೇ ಗುರುತು ಹಾಕುತ್ತಾಳೆ. ಅದರ ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಅಂಜಿಕೆ ಬೇಡ. ನೇರವಾಗಿ, ಮೃದುವಾಗಿ ಕೇಳಿದಾಗಲೇ ಎಷ್ಟೋ ತಾಯಂದಿರು ಬಾಯಿಬಿಡುವುದು.

ಉತ್ತರ ಹೌದೆಂದಾದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಖಿನ್ನತೆಗೆ ಆಪ್ತಸಮಾಲೋಚನೆಯಿಂದ ಗುಣವಾಗುವವರಿದ್ದಾರೆ. ಔಷಧ ಬೇಕಾದವರಿಗೆ ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ಹೆರಿಗೆಯ ನಂತರ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಇನ್ನೂ ತೀವ್ರವಾದ ಮನೋವಿಕಾರ ಕಾಣಿಸಿಕೊಳ್ಳುತ್ತದೆ: ಇಲ್ಲದ್ದು ಕಾಣಿಸುವುದು, ಕೇಳಿಸುವುದು, ವಿಪರೀತ ಗೊಂದಲ, ದಿನಗಟ್ಟಲೆ ನಿದ್ದೆಯ ಅಗತ್ಯವೇ ಇಲ್ಲವೆಂಬಂತಿರುವುದು. ಆಗ ತಾಯಿ, ಮಗು ಇಬ್ಬರಿಗೂ ಅಪಾಯವಿರುವುದರಿಂದ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಮನೆಯಲ್ಲಿ ಮಾಡಬಹುದಾದ ಅತಿ ದೊಡ್ಡ ಉಪಕಾರ ನಿದ್ದೆ. ರಾತ್ರಿ ಒಂದು ಸಲ ಹಾಲೂಡಿಸಿದ ಮೇಲೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ಇವನ್ನೆಲ್ಲ ಬೇರೆಯವರು ವಹಿಸಿಕೊಂಡು ತಾಯಿಗೆ ಒಂದೇ ಪಟ್ಟಿಗೆ ನಾಲ್ಕು ಗಂಟೆಯಾದರೂ ಮಲಗಲು ಬಿಡಿ.

ಆರನೆಯ ವಾರ ಮತ್ತು ಅದರಾಚೆ

ಆರನೆಯ ವಾರದ ಭೇಟಿಯಲ್ಲಿ ಹಿಮೋಗ್ಲೋಬಿನ್ ಬಗ್ಗೆ, ಕಬ್ಬಿಣಾಂಶದ ಮಾತ್ರೆ ಎಷ್ಟು ದಿನ ಮುಂದುವರಿಸಬೇಕೆಂಬ ಬಗ್ಗೆ ಕೇಳಿ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದರೆ ಈಗ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕು. ಮುಟ್ಟು ಮರಳುವ ಮೊದಲೇ ಅಂಡಾಣು ಬಿಡುಗಡೆಯಾಗಬಹುದಾದ್ದರಿಂದ ಗರ್ಭನಿರೋಧಕದ ಮಾತನ್ನೂ ಇಲ್ಲೇ ಆಡಿಕೊಳ್ಳಿ. ಮೂರು ನಾಲ್ಕು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಅದು ಸರಿಹೋಗುತ್ತದೆ. ಆದರೆ ಜೊತೆಗೆ ತೀರದ ಸುಸ್ತು, ಎದೆಬಡಿತ, ತೂಕದಲ್ಲಿ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಏಕೆಂದರೆ ಥೈರಾಯ್ಡ್ ತೊಂದರೆಯನ್ನು ಖಿನ್ನತೆಯೆಂದೋ ಬರೀ ದಣಿವೆಂದೋ ತಪ್ಪು ತಿಳಿಯುವ ಸಂಭವ ಹೆಚ್ಚು.

ಖಿನ್ನತೆ ಮೊದಲ ವರ್ಷದ ಯಾವ ತಿಂಗಳಲ್ಲಾದರೂ ಶುರುವಾಗಬಹುದು, ಮುಂದಿನ ಹೆರಿಗೆಯಲ್ಲಿ ಮರುಕಳಿಸಲೂಬಹುದು. ಒಮ್ಮೆ ಖಿನ್ನತೆ, ಬಿ.ಪಿ. ಅಥವಾ ಅತಿಯಾದ ರಕ್ತಸ್ರಾವ ಅನುಭವಿಸಿದವರು ಹಳೆಯ ಡಿಸ್ಚಾರ್ಜ್ ಕಾಗದಗಳನ್ನು ಜೋಪಾನವಾಗಿಟ್ಟುಕೊಂಡು, ಮತ್ತೆ ಗರ್ಭಿಣಿಯಾದಾಗ ಮೊದಲ ಭೇಟಿಯಲ್ಲೇ ವೈದ್ಯರಿಗೆ ತೋರಿಸಬೇಕು.